ನಿನ್ನ ಒಕ್ಕಣ್ಣಿ ಮತ್ತೆ ಬಂದಳು

ತೌನೊ,

ನೀನು ಸತ್ತ ಮೇಲೂ ನಿನ್ನ ಆ ಒಕ್ಕಣ್ಣಿ ಈ ಮನೆ ಬಿಟ್ಟು ತೊಲಗಿಲ್ಲ. ನೀನು ಆಡುತ್ತಿದ್ದ ಹಳೇ ವಿಡಿಯೊ ಗೇಮಿನಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದಳಲ್ಲ, ಕಿರ್ಸಾ, ಅವಳನ್ನೇ ಇವತ್ತು ಮೊಮ್ಮಗಳು ವೆನ್ಲಾ ಬೇರೊಂದು ಆನ್‌ಲೈನ್ ಆಟದಲ್ಲಿ ಹೊಸದಾಗಿ ಮಾಡಿದಳು.

“ಅಜ್ಜೀ, ಕೂದಲು ಇಷ್ಟೇ ಕೆಂಪಿತ್ತಾ? ಅಜ್ಜ ಇದ್ದಿದ್ರೆ ಹೇಳ್ತಿದ್ರು.”

“ಇನ್ನೂ ಕಡುಗೆಂಪು. ಗಾಯದ ಗುರುತು ಎಡಗೆನ್ನೆಗೆ ಹಾಕು. ಸೊಂಟ ಅಷ್ಟು ಸಣ್ಣ ಬೇಡ.”

“ಸಣ್ಣಗೇ ಇತ್ತಲ್ಲಜ್ಜಿ.”

“ಇರದೆ ಏನು, ಅವಳೇನು ಐದು ಹೆತ್ತಿದ್ಲಾ?”

ನನಗೆ ಎಲ್ಲ ನೆನಪಿತ್ತು. ಶನಿವಾರ ಹಬೆಸ್ನಾನಕ್ಕೆ ಸೌನಾ ಕಾಯಿಸಿ ನಿನ್ನನ್ನು ಕರೆಯಲು ಬಂದು, ಬೆನ್ನ ಹಿಂದೆ ನಿಂತು ಅವಳನ್ನೇ ನೋಡುತ್ತಿದ್ದೆ. ಅಲ್ಲಿ ಒಲೆಯ ಕಲ್ಲು ಆರುತ್ತಿತ್ತು. ಇಲ್ಲಿ ನೀನು, “ಕಿರ್ಸಾ, ಎಡಕ್ಕೆ ತಿರುಗೇ” ಎನ್ನುತ್ತಿದ್ದೆ. ನನ್ನನ್ನು ಕರೆಯುವಾಗ ಮಾತ್ರ “ಏ, ಇವಳೇ.”

ಕೊನೆಗೆ ಕಿರ್ಸಾ ಎಂಬ ಹೆಸರನ್ನು ಆಟ ಒಪ್ಪಲಿಲ್ಲ. ಯಾರೋ ಮೊದಲೇ ಇಟ್ಟುಕೊಂಡಿದ್ದರಂತೆ.

“ಬೇರೆ ಏನಿಡ್ಲಿ ಅಜ್ಜಿ?”

“ನಂದೇ ಇಡು. ಸೈಮಿ ಅಂತ.”

ನಿನ್ನ ಒಕ್ಕಣ್ಣಿ ನನ್ನ ಹೆಸರು ಹೊತ್ತು ದೋಣಿ ಹತ್ತಿದಳು. ನೀನು ಇದ್ದಿದ್ದರೆ, ಅವಳನ್ನು ಕರೆಯುವುದಕ್ಕಾದರೂ ನನ್ನ ಹೆಸರು ಹೇಳಬೇಕಾಗುತ್ತಿತ್ತು.