ಬೆಂಕಿಯ ಸೈರನ್ನಿನಲ್ಲಿ ಬಂದ ಬುದ್ಧಿವಾದ

ರಾಜ್ಯದ ರಸ್ತೆ ಸುರಕ್ಷತೆಯ ಮುಖ್ಯಾಧಿಕಾರಿಗಳೇ,

ಕಳೆದ ಮಂಗಳವಾರ ಬೆಳಿಗ್ಗೆ ತಾವು ಕಳಿಸಿದ ಸಂದೇಶ ನಮಗೆ ತಲುಪಿತು. ಗಾಡಿ ಓಡಿಸುತ್ತಿದ್ದವರಿಗೆ ಓಡಿಸುತ್ತಿರುವಾಗಲೇ ತಲುಪಿತು. "ಫೋನ್ ನೋಡಬೇಡಿ, ರಸ್ತೆ ನೋಡಿ" ಎಂಬ ತಮ್ಮ ಉಪದೇಶವನ್ನು ಓದಲು ನಮ್ಮ ಪಿಂಡಾರಾ ಊರಿನ ಜನ ರಸ್ತೆ ಬಿಟ್ಟು ಫೋನ್ ನೋಡಿದರು. ಇಷ್ಟು ವಿಧೇಯ ಓದುಗರು ಯಾವ ಲೇಖಕನಿಗೆ ಸಿಕ್ಕಾರು?

ಅದನ್ನು ಕಾಡ್ಗಿಚ್ಚಿನ ಎಚ್ಚರಿಕೆಗೆ ಮೀಸಲಾದ ಸೈರನ್ ಸದ್ದಿನೊಂದಿಗೆ ಕಳಿಸುವ ಯೋಚನೆ ಯಾರಿಗೆ ಹೊಳೆಯಿತು ಎಂದು ತಿಳಿಯುವ ಕುತೂಹಲ ನನಗಿದೆ. ಹೀಗೆ ಕಳಿಸಿದರೆ ಎಲ್ಲರ ಗಮನಕ್ಕೂ ಬರುತ್ತದೆ ಎಂದು ಸಭೆಯಲ್ಲಿ ಯಾರೋ ಹೇಳಿರಬೇಕು. ಅದು ಸುಳ್ಳಲ್ಲ. ಫೆಬ್ರವರಿಯ ಬಿರುಬೇಸಿಗೆಯ ಒಣಹುಲ್ಲಿನ ನಡುವೆ ಬದುಕುವ ನಾವು ಆ ಸದ್ದಿಗೆ ಸ್ನಾನದ ಮನೆಯಿಂದಲೂ ಓಡಿಬರುತ್ತೇವೆ.

ಆ ಬೆಳಿಗ್ಗೆ ನನ್ನ ಕಾರು ಗ್ಯಾರೇಜಿನಲ್ಲಿತ್ತು. ಹಾಗಾಗಿ ಪೇಟೆಗೆ ಹೋಗಲು ಶಾಲಾ ಬಸ್ಸಿನ ಮುಂದಿನ ಸೀಟಿನಲ್ಲಿ, ಚಾಲಕಿ ಬೆವ್ ಪಕ್ಕ ಕುಳಿತಿದ್ದೆ. ಹಿಂದಿನ ಮಕ್ಕಳ ಗಲಾಟೆಯಲ್ಲಿ ನಮ್ಮ ಚೀಲದೊಳಗಿನ ಫೋನುಗಳ ಸದ್ದು ಕೇಳುವಂತಿರಲಿಲ್ಲ. ನಮ್ಮ ಕಡೆ ಎದುರಿನಿಂದ ಗಾಡಿ ಬಂದರೆ ಸ್ಟಿಯರಿಂಗ್ ಮೇಲಿನ ಕೈಯಿಂದ ಒಂದು ಬೆರಳು ಎತ್ತುವುದು ವಾಡಿಕೆ. ತಮ್ಮ ರಾಜಧಾನಿಯಲ್ಲಿ ಇದಕ್ಕೆ ಬೇರೆ ಅರ್ಥ ಬರಬಹುದು. ಇಲ್ಲಿ ಇದು ನಮಸ್ಕಾರ. ನಿನ್ನನ್ನು ನೋಡಿದೆ ಎಂಬ ರಸೀದಿಯೂ ಹೌದು.

ಬೆವ್ ಬೆರಳೆತ್ತಿದಳು. ಎದುರಿನ ಪಿಕಪ್‌ನಿಂದ ಯಾವ ಬೆರಳೂ ಏಳಲಿಲ್ಲ.

"ಇವನು ನಮ್ಮನ್ನ ನೋಡ್ತಾ ಇಲ್ಲ ಕಣೇ. ಗಟ್ಟಿಯಾಗಿ ಹಿಡ್ಕೋ!" ಎಂದವಳೇ ಬಸ್ಸನ್ನು ರಸ್ತೆಯಂಚಿನ ಜಲ್ಲಿಗೆ ಇಳಿಸಿದಳು. ನಾವು ಬಿಟ್ಟ ಜಾಗದಲ್ಲೇ ಪಿಕಪ್ ಹಾದುಹೋಗಿ, ಗಕ್ಕನೆ ನಿಂತಿತು. ಇಳಿದು ಬಂದವನು ನನ್ನ ಸ್ವಂತ ಮೈದುನ, ಕುರಿ ಸಾಕುವ ಲಿಂಡ್ಸೆ. ಮುಖ ಸುಣ್ಣದಂತಾಗಿತ್ತು.

"ಫೋನಲ್ಲಿ ಅಂಥದ್ದೇನಿತ್ತೋ, ಮಹಾರಾಯ? ಕುರಿಗಳು ಮೆಸೇಜ್ ಹಾಕಿದ್ವಾ?" ಬೆವ್ ಕೇಳಿದಳು.

"ಬೆಂಕಿ ಅಂದ್ಕೊಂಡೆ, ಬೆವ್. ಗಾಳಿ ನಮ್ಮನೆ ಕಡೆಗೇ ಬೀಸ್ತಿದೆ. ಜಾಯ್ಸ್ ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡು ಒಬ್ಳೇ ಇದಾಳೆ." ಜಾಯ್ಸ್ ಅವನ ಹೆಂಡತಿ.

"ಏನಂತೆ ಈಗ?"

ಅವನು ಫೋನ್ ತೋರಿಸಿದ. ಬೆವ್ ಅದನ್ನು ಗಟ್ಟಿಯಾಗಿ ಓದಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಮೂವರಿಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಲಿಂಡ್ಸೆಯ ಪರ ನಾನು ವಕಾಲತ್ತು ವಹಿಸುತ್ತಿಲ್ಲ. ಅವನು ಗಾಡಿ ನಿಲ್ಲಿಸಿ ನೋಡಬೇಕಿತ್ತು. ಇದನ್ನು ಬೆವ್ ಅವನಿಗೆ ತಮ್ಮ ಇಲಾಖೆಯ ಭಾಷೆಗಿಂತ ಸ್ಪಷ್ಟವಾದ ಭಾಷೆಯಲ್ಲಿ ತಿಳಿಸಿದ್ದಾಳೆ. ಈಚೆಗೆ ಎದುರಿನ ಗಾಡಿಗಳಲ್ಲಿ ಬೆರಳುಗಳು ಏಳುವುದು ಕಡಿಮೆಯಾಗಿದೆ ಎಂಬುದೂ ನನಗೆ ಗೊತ್ತು. ಎಲ್ಲರಿಗೂ ಬೆಂಕಿಯ ನೆಪವಿರುವುದಿಲ್ಲ. ಕ್ರಿಕೆಟ್ ಸ್ಕೋರ್ ನೋಡುವವರೂ ಇದ್ದಾರೆ. ಆದರೆ ಈ ರೋಗಕ್ಕೆ ಔಷಧಿಯನ್ನೂ ಅದೇ ಫೋನಿನಲ್ಲಿ ಕಳಿಸಿದರೆ ರೋಗಿ ಏನು ಮಾಡಬೇಕು?

ನನ್ನನ್ನು ಕಾಡುತ್ತಿರುವುದು ಅದರ ನಂತರ ನಡೆದದ್ದು. ಲಿಂಡ್ಸೆ ಅಲ್ಲೇ ನಿಂತು ತನ್ನ ಫೋನಿನ ಎಚ್ಚರಿಕೆಯ ಸದ್ದನ್ನು ಪೂರ್ತಿ ನಿಲ್ಲಿಸಿಬಿಟ್ಟ. "ಇನ್ನೊಂದ್ಸಲ ಬೇಡಪ್ಪ" ಎಂದ. ಆ ಸಂಜೆ ನಮ್ಮ ಬೀದಿಯ ಅರ್ಧ ಮನೆಗಳೂ ಹಾಗೇ ಮಾಡಿದವು. ಇನ್ನು ಬೆಂಕಿ ನಿಜವಾಗಿ ಬಂದ ದಿನ ಜಾಯ್ಸ್‌ಳ ಗಂಡನಿಗೆ ಹೇಳುವವರು ಯಾರು?

ಆದ್ದರಿಂದ ಆ ಸೈರನ್ನನ್ನು ಬೆಂಕಿಗೇ ಹಿಂದಿರುಗಿಸಿ. ತಮ್ಮ ಬುದ್ಧಿವಾದವನ್ನು ದೊಡ್ಡ ಅಕ್ಷರಗಳಲ್ಲಿ ರಸ್ತೆ ಬದಿಯ ಫಲಕದ ಮೇಲೆ ಬರೆಸಿ. ರಸ್ತೆ ನೋಡುವವರಿಗೆ ಅದು ಖಂಡಿತ ಕಾಣುತ್ತದೆ. ಮತ್ತು ಹಾಗೆ ಮಾಡಿದ್ದೀರಿ ಎಂದು ನಮಗೆ ತಿಳಿಸಿ. ಲಿಂಡ್ಸೆ ಆಗ ಸದ್ದನ್ನು ಮತ್ತೆ ಹಾಕಿಕೊಳ್ಳುತ್ತೇನೆ ಎಂದಿದ್ದಾನೆ. ಉತ್ತರವನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಿ.

ಇಂತಿ,
ಅಲ್ಲಿಯವರೆಗೆ ಮೈದುನನ ಮನೆಯ ಕಡೆ ಹೊಗೆ ಏಳುತ್ತದೆಯೇ ಎಂದು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿರುವ,
ನೋರೀನ್ ಟ್ರೆಗೆನ್ಜಾ
ಪಿಂಡಾರಾ