ತಿಕ್ಕಲಿಯ ಮೂರನೆಯ ಗ್ರಹ

ಮಾರ್ಚ್ 4, ಮಂಗಳವಾರ

ಮತ್ತೆ ಅದೇ ಫೈಲು, ಅದೇ ಗ್ರಾಫು. ಸೊಂಟ ಬಿದ್ದು ಹೋಗಿದೆ. ತಿಕ್ಕಲಿ ಇವತ್ತೂ ಮಂಕು.

ನಕ್ಷತ್ರಕ್ಕೆ ಮಾರುದ್ದದ ನಂಬರಿದೆ. ತಿಕ್ಕಲಿ ಎಂದು ಕರೆದವರು ನನ್ನ ಗೈಡ್, ಗಡ್ಡದ ಸರ್. ತನ್ನಷ್ಟಕ್ಕೆ ಬೆಳಗಿ, ತನ್ನಷ್ಟಕ್ಕೆ ಮಂಕಾಗುವವಳನ್ನು ಇನ್ನೇನೆನ್ನಬೇಕು? ಅವಳ ಸುತ್ತ ಎರಡು ಗ್ರಹ ಇರುವುದು ಖಚಿತ. ಮೂರನೆಯದು ಸರ್ ಕಂಡುಹಿಡಿದದ್ದು, ಕಿಡ್ನಿ ಕೈಕೊಡುವ ಮುಂಚೆ. ಪೇಪರ್ ಸಿದ್ಧ. ಇನ್ನೊಂದು ಟೆಲಿಸ್ಕೋಪಿನಿಂದ ಬಣ್ಣದ ಡೇಟಾ ಬಂದರೆ ಕಳಿಸುವುದೇ.

ಮಾರ್ಚ್ 6, ಮಧ್ಯಾಹ್ನ

ಬಂತು.

ಗ್ರಹ ನಕ್ಷತ್ರಕ್ಕೆ ಅಡ್ಡ ಬಂದರೆ ನೀಲಿ ಬೆಳಕೂ ಕೆಂಪು ಬೆಳಕೂ ಒಂದೇ ಸಮ ತಗ್ಗಬೇಕು. ಮೊದಲ ಎರಡರಲ್ಲಿ ಹಾಗೇ ಇದೆ. ಮೂರನೆಯದರಲ್ಲಿ ನೀಲಿ ಹೆಚ್ಚು ಇಳಿದಿದೆ. ಅಂದರೆ ಯಾವುದೂ ಅಡ್ಡ ಬಂದಿಲ್ಲ. ತಿಕ್ಕಲಿ ತಾನೇ ಮಂಕಾದದ್ದು.

ಲೆಕ್ಕ ಮತ್ತೆ ಮಾಡಿದೆ. ಮತ್ತೆ… ಅದೇ. ಮೂರನೆಯ ಗ್ರಹವಿಲ್ಲ.

ಮಾರ್ಚ್ 7

ವಿಷಯ ಕೇಳಿ ನಮ್ಮ ಸಂಸ್ಥೆಯ ಡೈರೆಕ್ಟರ್ ಕನ್ನಡಕ ಒರೆಸುತ್ತಾ ಕೂತರು. "ಪೇಪರ್ ನಿಲ್ಲಿಸಿ. ಆದ್ರೆ ಅವರಿಗೆ ಈಗಲೇ ಹೇಳ್ಬೇಡಿ. ಪಾಪ, ಅದೊಂದೇ ಆಸೆ."

ಸರ್ ಹೆಂಡತಿಗೆ ಫೋನ್ ಮಾಡಿದೆ. ಅವರನ್ನು ಮೊದಲಿನಿಂದಲೂ ಅಕ್ಕ ಎನ್ನುತ್ತೇನೆ. "ನೋಡಮ್ಮ, ಇವರು ಎದ್ದು ಡಯಾಲಿಸಿಸ್‌ಗೆ ಹೊರಡೋದೇ ಆ ಗ್ರಹದ ಆಸೆ ಮೇಲೆ. ಸ್ವಲ್ಪ ದಿನ ಸುಮ್ನಿರು."

ಎಲ್ಲರೂ ಒಳ್ಳೆಯವರೇ. ಬಾಯಿ ಕಟ್ಟಿಕೊಂಡು ಓಡಾಡಬೇಕಾದವಳು ನಾನು.

ಮಾರ್ಚ್ 19

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಲ್ಲ.

ಇವತ್ತು ಆಸ್ಪತ್ರೆಗೆ ಹೋದೆ. ಸರ್ ಕುರ್ಚಿಯಲ್ಲಿ ಒರಗಿದ್ದರು, ಪಕ್ಕದಲ್ಲಿ ಮಷೀನು ತಿರುಗುತ್ತಿತ್ತು.

"ಡೇಟಾ ಬಂತಾ?"

"ಇನ್ನೂ ಇಲ್ಲ ಸರ್."

"ಸುಳ್ಳು ಹೇಳೋಕೂ ಒಂದು ಮುಖ ಬೇಕಮ್ಮ. ನಿನಗಿಲ್ಲ. ನೀಲಿ ಎಷ್ಟು, ಕೆಂಪು ಎಷ್ಟು?"

ಹೇಳಿದೆ. ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಅಂದುಕೊಂಡೆ.

"ಯಾವಾಗ ಗೊತ್ತಾಯ್ತು?"

"ಎರಡು ವಾರ ಆಯ್ತು."

"ಇಲ್ಲಿವರೆಗೂ ಎಲ್ಲರೂ ಸೇರಿ ನನಗೆ ಜೋಗುಳ ಹಾಡ್ತಿದ್ರಾ? ಹೋಗು. ಕೆಲಸ ನೋಡ್ಕೋ."

ಹೊರಗೆ ಬೆಂಚಿನ ಮೇಲಿದ್ದ ಅಕ್ಕ ನನ್ನ ಮುಖ ನೋಡಲಿಲ್ಲ.

ಮಾರ್ಚ್ 21

ಅಕ್ಕನ ಫೋನು. "ಎರಡು ತುತ್ತೂ ಇಳಿತಿಲ್ಲ ಅವರಿಗೆ. ಗೋಡೆ ಕಡೆ ತಿರುಗಿ ಮಲಗಿದಾರೆ. ಸಮಾಧಾನ ಆಯ್ತಾ ನಿನಗೆ?"

ಇಟ್ಟುಬಿಟ್ಟರು.

ಮಾರ್ಚ್ 26

ಮತ್ತೆ ಅಕ್ಕನೇ. "ಬೇಗ ಬಾರಮ್ಮ. ನೀನು ಲ್ಯಾಪ್‌ಟಾಪ್ ತರೋವರೆಗೂ ಸೂಜಿ ಚುಚ್ಚಿಸ್ಕೊಳ್ಳಲ್ಲ ಅಂತ ಹಟ ಹಿಡಿದಿದಾರೆ. ನರ್ಸ್ ಬೈತಿದಾಳೆ."

ಎದ್ದೆನೋ ಬಿದ್ದೆನೋ ಎಂದು ಓಡಿದೆ.

"ಇದೆ ಅಂತ ಬರೆದೋನು ನಾನು," ಎಂದರು ಸರ್. "ಇಲ್ಲ ಅಂತ ಬರೆಯೋನೂ ನಾನೇ. ಟೈಪ್ ಮಾಡು."

ಆಮೇಲೆ ತೋಳು ಚಾಚಿದರು. ಚುಚ್ಚುವಾಗಲೂ ಹೇಳುತ್ತಲೇ ಇದ್ದರು. ನನ್ನ ಅಲ್ಪವಿರಾಮಗಳಿಗೆಲ್ಲ ಬೈಗುಳ. ಒಂದು ವಾಕ್ಯದ ನಡುವೆ ನಿದ್ದೆ ಹೋದರು… ಅಕ್ಕ ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟರು. ತಿಂದೆ.

ಮಾರ್ಚ್ 28

ಪೇಪರ್ ಮುಗಿಯಿತು, ಆಸ್ಪತ್ರೆಯಲ್ಲೇ. ಸರ್ ಬಿಡಲಿಲ್ಲ.

"ಇಂಥ ನಕ್ಷತ್ರಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಗ್ರಹಗಳಿಗೂ ಇದೇ ಪರೀಕ್ಷೆ ಮಾಡೋಣ."

"ವರ್ಷಗಟ್ಟಲೆ ಕೆಲಸ ಸರ್."

"ನಾನೆಲ್ಲಿಗೆ ಹೋಗ್ತೀನಿ?"

ಅಕ್ಕ ಕಿಟಕಿಯ ಕಡೆ ತಿರುಗಿದರು. ನನಗೆ ಮೈಯೆಲ್ಲ ಸುಸ್ತು. ಒಂದು ತಿಂಗಳು ಮಲಗಿದರೂ ತೀರದಂಥದ್ದು.

"ಸೋಮವಾರ ಬರ್ತೀನಿ ಸರ್," ಎಂದೆ.

ಅಕ್ಕ ಲಿಫ್ಟಿನವರೆಗೂ ಬಂದರು. "ಸೋಮವಾರ ಸ್ವಲ್ಪ ಬೇಗ ಬಾ. ಬೆಳಿಗ್ಗೆಯಿಂದಲೇ ದಾರಿ ನೋಡ್ತಿರ್ತಾರೆ." ಹೂಂ ಎಂದೆ. ನನ್ನ ಕೈ ಹಿಡಿದರು. ಇನ್ನೂ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಲಿಫ್ಟ್ ಬಂತು. ಕೈ ಬಿಟ್ಟರು, ಬಾಗಿಲು ಮುಚ್ಚಿಕೊಂಡಿತು.