ಇಬ್ಬರು ಮಕ್ಕಳಿಗೆ ಒಂದೇ ಸಾಲು

ಜನನ ಮರಣ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಕಿರಿಮಗಳು ತೀರಿಕೊಂಡಳು. ಅವಳು ಹುಟ್ಟಿಯೇ ಇರಲಿಲ್ಲ ಎನ್ನುತ್ತದೆ ತಮ್ಮ ಕಚೇರಿ. ಮೊದಲನೆಯದನ್ನು ಸಹಿಸಿಕೊಳ್ಳಲು ನಾನೂ ನನ್ನ ಹೆಂಡತಿಯೂ ಹೇಗೋ ಹೆಣಗುತ್ತಿದ್ದೇವೆ. ಎರಡನೆಯದನ್ನು ತಮ್ಮಲ್ಲೇ ಕೇಳೋಣವೆಂದು ಹಲವು ಸಲ ಬಂದೆ, ಬಂದಾಗಲೆಲ್ಲ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಕಟಿಂಗ್ ಶಾಪ್ ಇಟ್ಟುಕೊಂಡವನು. ನಮ್ಮವು ಅವಳಿ ಮಕ್ಕಳು. ಮನೆಯಲ್ಲಿ ದೊಡ್ಡಿ, ಪುಟ್ಟಿ ಎಂದು ಕರೆದರೂ ದೊಡ್ಡಿ ದೊಡ್ಡವಳಾದದ್ದು ಅರ್ಧ ಗಂಟೆಯಷ್ಟೇ. ಅವಳಿಗಳಿಗೆ ಎಲ್ಲರೂ ಇಡುವಂತೆ ನಾವೂ ಪ್ರಾಸ ಕೂಡುವ ಹೆಸರುಗಳನ್ನೇ ಇಟ್ಟೆವು. ರೂಪವಂತೂ ಅಚ್ಚಿನಲ್ಲಿ ತೆಗೆದಂತೆ ಒಂದೇ. ಟೀಚರು ಒಬ್ಬಳ ತಪ್ಪಿಗೆ ಇನ್ನೊಬ್ಬಳ ಕಿವಿ ಹಿಂಡುತ್ತಿದ್ದರು. ಸ್ವಂತ ಅಜ್ಜಿಯೇ ಒಬ್ಬಳಿಗೆ ಎರಡು ಸಲ ಬಡಿಸಿ, ಹಸಿದು ಬಂದ ಇನ್ನೊಬ್ಬಳನ್ನು "ಈಗ ತಾನೆ ತಿಂದ್ಯಲ್ಲೇ" ಎಂದು ಗದರುತ್ತಿದ್ದಳು. ನಾನೊಬ್ಬ ಮಾತ್ರ ತಪ್ಪುತ್ತಿರಲಿಲ್ಲ. ಅಂಗಡಿಯ ಕುರ್ಚಿಗೆ ಅಡ್ಡಹಲಗೆ ಹಾಕಿ, ಅದರ ಮೇಲೆ ಕೂರಿಸಿ, ಇಬ್ಬರ ಕೂದಲನ್ನೂ ಕತ್ತರಿಸುವವನು ನಾನೇ. ದೊಡ್ಡಿಯ ನೆತ್ತಿಯ ಸುಳಿ ಬಲಕ್ಕೆ, ಪುಟ್ಟಿಯದು ಎಡಕ್ಕೆ. ಎಷ್ಟು ನೀರು ಹಾಕಿ ಬಾಚಿದರೂ ಪುಟ್ಟಿಯ ಕೂದಲು ಅಲ್ಲಿ ಎದ್ದು ನಿಲ್ಲುತ್ತಿತ್ತು.

ಇನ್ನು ತಮ್ಮ ಸಾಧನೆಗೆ ಬರೋಣ. ಕಳೆದ ವರ್ಷ ಶಾಲೆಯ ಪಟ್ಟಿ, ಆಸ್ಪತ್ರೆಯ ಪಟ್ಟಿ, ತಮ್ಮ ಜನನದ ಪಟ್ಟಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದುಗೂಡಿಸಿದಿರಿ. ಬೇಕಾದ ಕೆಲಸವೇ, ಇಲ್ಲವೆನ್ನುವುದಿಲ್ಲ. ಒಂದೇ ಹೆಸರನ್ನು ಒಬ್ಬರು ದೀರ್ಘ ಎಳೆದು ಬರೆದಿದ್ದರೆ ಇನ್ನೊಬ್ಬರು ಒತ್ತು ನುಂಗಿ ಬರೆದಿದ್ದರು. ಅದನ್ನೆಲ್ಲ ಸರಿಹೊಂದಿಸಲು ತಾವು ಕಂಡುಕೊಂಡ ಉಪಾಯವೇನು? ಹೆಸರು ನೂರಕ್ಕೆ ತೊಂಬತ್ತರಷ್ಟು ಹೋಲಬೇಕು, ಹುಟ್ಟಿದ ದಿನ, ತಂದೆತಾಯಿ, ಮನೆ ಒಂದೇ ಆಗಿರಬೇಕು. ಹಾಗಿದ್ದರೆ ಅದು ಒಬ್ಬರೇ ವ್ಯಕ್ತಿ. ಒಂದು ಸಾಲನ್ನು ಉಳಿಸಿ ಮಿಕ್ಕವನ್ನು ಅಳಿಸಿಬಿಡಿ. ಒಂದೇ ದಿನ ಒಂದೇ ತಾಯಿಗೆ ಇಬ್ಬರು ಹುಟ್ಟಬಹುದೆಂದು ಅಷ್ಟು ದೊಡ್ಡ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಅವಳಿಗಳನ್ನು ಕಂಡವರೇ ಅಲ್ಲಿ ಇಲ್ಲವೇ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ. ತಾವು ಕೊಯ್ದದ್ದು ಪರರ ಮೂಗನ್ನು. "ಅನಗತ್ಯ ನಕಲುಗಳನ್ನು ತೆಗೆದು ಪಟ್ಟಿಯನ್ನು ಸ್ವಚ್ಛಗೊಳಿಸಲಾಗಿದೆ" ಎಂಬ ತಮ್ಮ ಪ್ರಕಟಣೆ ಬಂದಾಗ, ಅದನ್ನು ಗಿರಾಕಿಗಳಿಗೆ ಜೋರಾಗಿ ಓದಿ ಹೇಳಿ, "ಪರವಾಗಿಲ್ವೇ, ಕೆಲಸ ಮಾಡ್ತಾರೆ" ಎಂದು ಹೊಗಳಿದವನೂ ನಾನೇ. ಆ ನಕಲುಗಳಲ್ಲಿ ಪುಟ್ಟಿಯೂ ಇದ್ದಳು.

ಆಮೇಲೆ ಅವಳಿಗೆ ಜ್ವರ ಬಂತು. ಮೆದುಳಿಗೇರಿದೆ ಎಂದರು ವೈದ್ಯರು. ಆಪರೇಷನ್ನಿಗೆ ತಲೆ ಬೋಳಿಸಬೇಕೆಂದಾಗ ನರ್ಸನ್ನು ಬೇಡಿಕೊಂಡು ನಾನೇ ಬೋಳಿಸಿದೆ. ಅವಳು ಹೆದರದಿರಲೆಂದು ಅಂಗಡಿಯಲ್ಲಿ ಮಾಡುವಂತೆಯೇ ಮೊದಲು ನೀರು ಹಾಕಿ ಬಾಚಿದೆ. ಆ ತಲೆಯಲ್ಲಿ ಮತ್ತೆ ಕೂದಲು ಬರುವಷ್ಟು ದಿನ ಅವಳು ಉಳಿಯಲಿಲ್ಲ.

ಆಸ್ಪತ್ರೆಯ ಕಾಗದ ಹಿಡಿದು ಮರಣ ಪತ್ರಕ್ಕೆ ತಮ್ಮಲ್ಲಿಗೆ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು, ಕೂರಲು ಹೇಳಿದಳು. ಕಂಪ್ಯೂಟರಿನಲ್ಲಿ ಹುಡುಕಿ, ಮತ್ತೊಮ್ಮೆ ಹುಡುಕಿ, "ಅಣ್ಣಾ, ನಿಮಗೆ ಒಬ್ಳೇ ಮಗಳು ಅಂತಿದೆ" ಎಂದಳು.

"ಇಬ್ರು ಕಣಮ್ಮ. ಇನ್ನೊಬ್ಳು ಮನೇಲಿದಾಳೆ."

"ಪಟ್ಟೀಲಿ ಇಲ್ದೇ ಇರೋರಿಗೆ ಮರಣ ಪತ್ರ ಕೊಡಕ್ಕಾಗಲ್ಲ, ಅಣ್ಣಾ." ಆಮೇಲೆ ಕನಿಕರದಿಂದಲೇ ದನಿ ತಗ್ಗಿಸಿ, "ಹೆಸ್ರು ಹೆಚ್ಚುಕಮ್ಮಿ ಒಂದೇ ಅಲ್ವಾ? ಇರೋ ಸಾಲಿಗೇ ಮರಣ ಅಂತ ಹಾಕ್ಬಿಡ್ಲಾ? ಇವತ್ತೇ ಪತ್ರ ಸಿಗತ್ತೆ" ಎಂದಳು.

ನಾನು ಕಾಗದ ಕಿತ್ತುಕೊಂಡು ಹೊರಗೆ ಬಂದೆ. ಇರುವ ಆ ಸಾಲು ದೊಡ್ಡಿಯದು. ಪುಟ್ಟಿ ಸತ್ತಳೆಂದು ಬರೆಸಲು ಬದುಕಿರುವ ದೊಡ್ಡಿಯನ್ನು ಸಾಯಿಸಬೇಕು. ದೊಡ್ಡಿಯನ್ನು ಉಳಿಸಿಕೊಳ್ಳಲು ಪುಟ್ಟಿ ಹುಟ್ಟಲೇ ಇಲ್ಲವೆಂದು ಒಪ್ಪಬೇಕು. ತಮಗೂ ಮಕ್ಕಳಿದ್ದಾರಲ್ಲವೇ, ಇದರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಿದ್ದಿರಿ?

"ಹೋದೋಳು ಹೋದ್ಲು, ಆ ಕಾಗದ ಇಟ್ಕೊಂಡು ಏನ್ಮಾಡ್ತೀಯ ಬಿಡು" ಎನ್ನುತ್ತಾರೆ ಗಿರಾಕಿಗಳು. ನಿಜ, ಏನೂ ಮಾಡುವುದಿಲ್ಲ. ಬೀರುವಿನಲ್ಲಿ ಅವಳ ಬಟ್ಟೆಯ ಕೆಳಗೆ ಇಡುತ್ತೇನೆ. ಆದರೆ ಒಂಬತ್ತು ವರ್ಷ ನಮ್ಮ ಮನೆಯಲ್ಲಿ ನಕ್ಕು, ಅತ್ತು, ಜಗಳವಾಡಿದ ಮಗುವನ್ನು ನಕಲು ಎಂದು ಕರೆಸಿಕೊಂಡು ಸುಮ್ಮನಿರಲು ನನಗಾಗುತ್ತಿಲ್ಲ.

ನಾನು ಕೇಳುವುದು ಇಷ್ಟೇ. ಅಳಿಸಿದ ಸಾಲನ್ನು ಮರಳಿ ಹಾಕಿ. ಹೆಸರಿನ ಒತ್ತು, ದೀರ್ಘ ಹೇಗಿದ್ದರೂ ತಕರಾರಿಲ್ಲ. ಮೊದಲು ಅವಳು ಹುಟ್ಟಿದಳೆಂದು ಬರೆಯಿರಿ, ಆಮೇಲೆ ಸತ್ತಳೆಂದು ಬರೆಯಿರಿ. ದಯವಿಟ್ಟು ಬೇಗ ಬರೆಯಿರಿ. ನಾನು ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದುದು ದೊಡ್ಡಿಯ ಕಿವಿಗೆ ಬಿದ್ದಿದೆ. ಮೊನ್ನೆ ಅಂಗಡಿಗೆ ಬಂದು, ತಾನೇ ಹಲಗೆ ಹಾಕಿಕೊಂಡು ಕೂತಳು. ನಾನು ಕತ್ತರಿ ಆಡಿಸುತ್ತಿರುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಅಂದಳು: "ಅಪ್ಪಾ, ಅವರ ಹತ್ರ ಒಂದೇ ಸಾಲು ಇದ್ರೆ ಅದನ್ನ ಪುಟ್ಟಿಗೇ ಕೊಟ್ಬಿಡು. ನಾನು ಹೇಗೂ ಇಲ್ಲೇ ಇದೀನಲ್ಲ."

ಅವಳಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ತಾವು ಕೊಡಿ.

ಇಂತಿ,
ತಮ್ಮ ಪಟ್ಟಿಯಲ್ಲಿ ಒಬ್ಬಳಿಗೂ
ತನ್ನ ಮನೆಯಲ್ಲಿ ಇಬ್ಬರಿಗೂ ಅಪ್ಪನಾದವನು